ಸುಳ್ಳು ಕೈ ಎತ್ತಬೇಡ್ರಿ

ಉಸ್ತಾದರ ಬಲಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಚಹಾದ ಕಪ್ಪು ಹಿಡಿದಾಗಲೂ ಅದೊಂದು ನೆಟ್ಟಗೆ ನಿಂತಿರುತ್ತಿತ್ತು. ಫೌಜಿನಲ್ಲಿದ್ದಾಗ ಜೀಪಿನ ಬಾಗಿಲಿಗೆ ಸಿಕ್ಕು ಹಾಗಾಗಿತ್ತಂತೆ. "ಯಾವತ್ತೂ ಸಾವಧಾನ್‌ದಾಗ ನೆಟ್ಟಗ ನಿಂತಿರೋ ಸಿಪಾಯಿ ಇದೊಂದೇ ನೋಡ್ರಿ ಆಯಿ" ಎಂದು ಅವರೇ ನಗುತ್ತಿದ್ದರು.

ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ನನ್ನ ಮೊಮ್ಮಗಳ ಶಾಲೆಗೆ ಎನ್‌ಸಿಸಿ ಕವಾಯತು ಕಲಿಸಲು ಬರುತ್ತಿದ್ದವರು ಅವರು. ಬೀದರ್ ಕಡೆಯವರು. ಮಕ್ಕಳ ಜೊತೆ ಹಿಂದಿ, ನನ್ನ ಜೊತೆ ನಮ್ಮ ಮಾತು.

ನನ್ನ ಮೊಮ್ಮಗಳು ನಡಿಗೆಯಲ್ಲಿ ಗಟ್ಟಿ, ಮಾತಿನಲ್ಲಿ ಮೆತ್ತಗೆ. ಜನವರಿ ಇಪ್ಪತ್ತಾರರ ಪರೇಡಿಗೆ ಉಸ್ತಾದರು ಅವಳನ್ನೇ ಮುಂದೆ ನಿಲ್ಲಿಸಿದರು. ಹುಕುಮು ಕೊಡಬೇಕಾದವಳ ದನಿ ಮೊದಲ ಸಾಲಿಗೂ ಮುಟ್ಟಲಿಲ್ಲ. ಅರ್ಧ ಮಕ್ಕಳು ತಿರುಗಿದರು, ಅರ್ಧ ಹಾಗೇ ನಿಂತರು, ಎಲ್ಲರೂ ನಕ್ಕರು. ಮನೆಗೆ ಬಂದು, ನಾನಿದನ್ನು ಬಿಡುತ್ತೇನೆ ಎಂದು ಅತ್ತಳು. ಜೀಡಿಮೆಟ್ಲಾದ ಫ್ಯಾಕ್ಟರಿಯಿಂದ ದಣಿದು ಬಂದ ನನ್ನ ಮಗ, ಬಿಡಲಿ ಬಿಡವ್ವಾ ಎಂದ.

ಮಂದಿಯ ವಸ್ತುವನ್ನು ಇದ್ದಂತೆಯೇ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಶಾಲೆಯಲ್ಲಿ ಕೊಟ್ಟಿದ್ದ ಖಾಕಿ ಡ್ರೆಸ್ಸನ್ನು ಒಗೆದು ಗಂಜಿ ಹಾಕಿದೆ. ನಮ್ಮ ಮನೆಯಲ್ಲಿ ಅನ್ನಕ್ಕಿಂತ ರೊಟ್ಟಿಯೇ ಹೆಚ್ಚು. ಜೋಳದ ಹಿಟ್ಟನ್ನೇ ಕುದಿಸಿ ಹಾಕಿಬಿಟ್ಟೆ. ಒಣಗಿದ ಅಂಗಿ ಹಪ್ಪಳವಾಗಿತ್ತು. ಮರುದಿನ ಅದನ್ನು ಒಪ್ಪಿಸಲು ಮೊಮ್ಮಗಳನ್ನು ಕರೆದುಕೊಂಡು ಹೋದರೆ, ಉಸ್ತಾದರು ಆ ನೆಟ್ಟಗಿನ ಬೆರಳಿನಿಂದಲೇ ಬಡಿದು ನೋಡಿದರು. ಟಕ್ ಟಕ್ ಎಂದಿತು.

"ಆಯಿ, ಇದನ್ನ ತೊಡಬೇಕೋ, ಮುರಕೊಂಡು ತಿನ್ನಬೇಕೋ?"

ಅಳುಮುಖದ ಹುಡುಗಿ ನಕ್ಕುಬಿಟ್ಟಳು. ಗಂಜಿ ಹಾಕಿದ ಬಟ್ಟೆ ಪರೇಡಿಗೆ ಹೋಗಬೇಕು, ಪೆಟ್ಟಿಗೆಗಲ್ಲ ಎಂದು ಅವರು ಡ್ರೆಸ್ಸನ್ನು ಅವಳ ಕೈಗೇ ಇಟ್ಟರು. ಮೈದಾನದ ಆ ತುದಿಗೆ, ರೈಲುಹಳಿಯ ಕಡೆಯ ಗೋಡೆಯ ಹತ್ತಿರ ಹೋಗಿ ನಿಲ್ಲಲು ನನಗೆ ಹೇಳಿದರು. ಮೊಮ್ಮಗಳ ಹುಕುಮು ಕೇಳಿಸಿದರೆ ಕೈ ಎತ್ತಬೇಕು, ಅಷ್ಟೇ ನನ್ನ ಕೆಲಸ.

ಅಂದಿನಿಂದ ಬೆಳಗಾದರೆ ಆ ಗೋಡೆಯೇ ನನ್ನ ಜಾಗ. ಬೆನ್ನ ಹಿಂದೆ ಲೋಕಲ್ ರೈಲಿನ ಧಡಧಡ. ದೂರದಲ್ಲಿ ಕೂಸು ಬಾಯಿ ತೆರೆಯುವುದು ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಒಂದು ದಿನ ಅವಳು ಸೋತು ತಲೆ ತಗ್ಗಿಸಿದ್ದು ನೋಡಲಾರದೆ ಕೈ ಎತ್ತಿಬಿಟ್ಟೆ. ಉಸ್ತಾದರು ಇಡೀ ಮೈದಾನ ದಾಟಿ ಬಂದು, ಆಕೆ ಕೊಟ್ಟ ಹುಕುಮು ಯಾವುದು ಎಂದು ಕೇಳಿದರು. ಕೇಳಿಸಿದ್ದರಲ್ಲವೇ ಹೇಳುವುದು.

"ಸುಳ್ಳು ಕೈ ಎತ್ತಬೇಡ್ರಿ ಆಯಿ. ಆಕಿ ಒಳಗ ದನಿ ಅದ. ನೀವು ಸಾಕಂದ್ರ ಅಲ್ಲೇ ನಿಂತುಬಿಡ್ತದ."

ಆಮೇಲೆ ನಾನು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ನಿಂತೆ. ಮೊಮ್ಮಗಳು ಮನೆಗೆ ಬಂದು ಜಗಳ ತೆಗೆದಳು.

"ಅಜ್ಜಿ, ನಿನ್ನ ಕಿವಿ ಮಂದ ಆಗ್ಯಾವ."

"ನನ್ನ ಕಿವಿ ಚಲೋ ಅದಾವ. ನೀ ಹೊಟ್ಟ್ಯಾಗಿಂದ ಒದರು."

ಆ ಸಿಟ್ಟೇ ಕೆಲಸ ಮಾಡಿತೋ ಏನೋ. ಒಂದು ಬೆಳಗ್ಗೆ ರೈಲು ಹಾಯುತ್ತಿರುವಾಗಲೇ, ಅದರ ಸದ್ದನ್ನು ಸೀಳಿಕೊಂಡು "ದಾಹಿನೇ ಮುಡ್" ಎಂದು ಬಂತು. ಕೈ ಎತ್ತುವುದು ಮರೆತು ನಾನೇ ಬಲಕ್ಕೆ ತಿರುಗಿಬಿಟ್ಟಿದ್ದೆ. ಆ ತುದಿಯಿಂದ ಉಸ್ತಾದರು ನನಗೊಂದು ಸೆಲ್ಯೂಟ್ ಹೊಡೆದರು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಶಾಲೆಯ ಮೈದಾನದಲ್ಲಿ ಸೆಲ್ಯೂಟ್!

ಅದೇ ಮೊಮ್ಮಗಳು ಈಗ ಪೊಲೀಸ್ ಇಲಾಖೆಯಲ್ಲಿ ಎಸ್‌ಐ. ತರಬೇತಿ ಮುಗಿದ ದಿನದ ಪರೇಡಿಗೆ ಉಸ್ತಾದರನ್ನು ಕರೆಯಲು ಬೀದರ್‌ಗೆ ಹೋದೆವು. ಅವರು ತೀರಿಕೊಂಡು ವರ್ಷವಾಗಿತ್ತು. ಹೈದರಾಬಾದಿನಿಂದ ಯಾರೇ ಬಂದರೂ ಆ ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ಕೇಳುತ್ತಿದ್ದರೆಂದು ಅವರ ಹೆಂಡತಿ ಹೇಳಿದರು.

ಪರೇಡಿನ ದಿನ ಮುಂದಿನ ಕುರ್ಚಿ ಕೊಟ್ಟರು. ಬೇಡವೆಂದು ಎಲ್ಲರಿಗಿಂತ ಹಿಂದೆ, ಗೋಡೆಗೆ ಆನಿಕೊಂಡು ನಿಂತೆ. ಬಿಸಿಲಿನಲ್ಲಿ ಅವಳ ಹುಕುಮು ಬಂತು, ಸ್ಪಷ್ಟವಾಗಿ, ಒಂದಕ್ಷರವೂ ಬಿಡದೆ. ನಾನು ಕೈ ಎತ್ತಿದೆ. ಪಕ್ಕದವರು ಕಣ್ಣುಬಿಟ್ಟು ನೋಡಿದರು, ನೋಡಲಿ.

ಕೇಳಿಸಿತ್ರೀ ಉಸ್ತಾದ್ರ. ಖರೇನೇ ಕೇಳಿಸಿತು.