ಕಾಕಾನ ಲಾರಿ ತೊಳೆದ ಹಬ್ಬ

ಅಂಧೇರಿಯ ಫ್ಲ್ಯಾಟಿನಲ್ಲಿ ಮೊಮ್ಮಗ ಪುಟ್ಟ ಟ್ಯಾಂಕ್ ಮಾಡೆಲ್ಲಿಗೆ ಕೆಸರಿನ ಬಣ್ಣ ಬಳಿಯುತ್ತಿದ್ದ. ಟರ್ಪಂಟೈನ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮನಸ್ಸಿನಲ್ಲೇ ಬಾಲ್ಯದ ದಿನಗಳ ಪರೇಲಿನ ನಮ್ಮ ಚಾಳಿಗೆ ಹೋಗಿಬಿಟ್ಟೆ.

ಧಾರವಾಡದಿಂದ ಬಂದು ಮಿಲ್ಲು ಸೇರಿದ್ದ ನಮ್ಮ ಕಾಕಾ, ಅದಕ್ಕೂ ಮೊದಲು ಬರ್ಮಾ ಯುದ್ಧದಲ್ಲಿ ಮಿಲಿಟರಿ ಲಾರಿ ಓಡಿಸಿದವನು. ಖೋಕಾ ಪೆಟ್ಟಿಗೆಯ ಹಲಗೆಯಲ್ಲಿ ಅದೇ ಲಾರಿಯನ್ನು ಅಂಗೈಯಗಲಕ್ಕೆ ಕೆತ್ತಿದ್ದ. ಹಸಿರು ಬಣ್ಣದ ಮೇಲೆ ಇಟ್ಟಿಗೆಪುಡಿಯ ತುಕ್ಕು, ಗಾಲಿಗೆ ಕೆಸರು, ಎಡಬಾಗಿಲಿಗೆ ಕಂದೀಲಿನ ಮಸಿ. ಪಾಳಿ ಮುಗಿಸಿ ಬಂದವನೇ ಬೀಡಿ ಕಚ್ಚಿಕೊಂಡು ಆ ಮಸಿಯನ್ನು ಬೆರಳತುದಿಯಿಂದ ತಿದ್ದುತ್ತ ಕೂರುತ್ತಿದ್ದ, ತಿಂಗಳುಗಟ್ಟಲೆ.

ಆಯುಧಪೂಜೆ ಬಂತು. ಹಬ್ಬಕ್ಕೆ ಗಾಡಿಗಳನ್ನೆಲ್ಲ ತೊಳೆಯುತ್ತಾರಲ್ಲ, ನಾನೂ ಕಾಕಾನ ಲಾರಿಯನ್ನು ಸೀಗೆಪುಡಿಯಲ್ಲಿ ತಿಕ್ಕಿ, ಮಸಿ ಕೆಸರು ಎಲ್ಲ ಹೋಗುವಂತೆ ತೊಳೆದೆ. ಕುಂಕುಮವಿಟ್ಟು, ಚೆಂಡುಹೂ ಏರಿಸಿ, ಶಾಭಾಷ್ ಅನ್ನುತ್ತಾನೆಂದು ಬಾಗಿಲಲ್ಲೇ ಕಾದೆ.

ಕಾಕಾ ಅದನ್ನೆತ್ತಿ ಎಡಬಾಗಿಲು ಸವರಿದ. "ಬಾಂಬ್ ಬಿದ್ದಾಗ ನನ್ನ ದೋಸ್ತ ಇಲ್ಲೇ ಕೂತಿದ್ದ" ಎಂದ.

ನಾನು ಅಳತೊಡಗಿದೆ.

"ಅಳಬ್ಯಾಡವಾ. ಛಲೋ ಮಾಡಿದಿ. ಈಗ ಈ ಲಾರಿ ಯುದ್ಧಕ್ಕ ಹೋಗೇ ಇಲ್ಲ ನೋಡು."

ಆಮೇಲೆ ಅವನ ಬಣ್ಣ ಡಬ್ಬಿಯಲ್ಲೇ ಒಣಗಿತು.

"ಅಜ್ಜಿ, ಅಸ್ಲಿ ದಿಖ್ತಾ ಹೈ ನಾ? ನಿಜವಾದ್ದರ ಹಾಗೇ? ಹಿಡ್ಕೊಂಡು ನೋಡು" ಎಂದು ಮೊಮ್ಮಗ ಟ್ಯಾಂಕ್ ಚಾಚಿದ.

ನಾನು ಆ ಲಾರಿ ತೊಳೆದಿದ್ದ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ.