ಮಾವನ ಮಾತ್ರೆಗೆ ನಾಲ್ಕು ಪಾಲು

ನನ್ನ ಸೋದರಮಾವಂದಿರ ಊರು ಚಿನಕುರಳಿಯ ಹತ್ತಿರ. ನಾಲ್ವರು ಅಣ್ಣತಮ್ಮಂದಿರ ಒಟ್ಟು ಮನೆ. ಹಲಸಿನಹಣ್ಣು ಕೊಯ್ದರೂ ನಾಲ್ಕು ಪಾಲು, ಸಂತೆಯಿಂದ ಬೋಂಡಾ ತಂದರೂ ನಾಲ್ಕು ಪಾಲು. ಪಾಲು ಮಾಡುವ ಅಧಿಕಾರ ದೊಡ್ಡತ್ತೆಯದು. ಅವರ ತೀರ್ಪಿನ ಮೇಲೆ ಅಪೀಲು ಹೋದವರಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕ್ಷಯರೋಗ ವಿಭಾಗದ ಆರೋಗ್ಯ ಕಾರ್ಯಕರ್ತನಾಗಿದ್ದೆ. ರೋಗಿಗಳ ಕಫವನ್ನು ಡಬ್ಬಿಯಲ್ಲಿ ಹಿಡಿದು ಲ್ಯಾಬಿಗೆ ಮುಟ್ಟಿಸುವುದು, ಮಾತ್ರೆಯನ್ನು ಕಣ್ಣೆದುರೇ ನುಂಗಿಸಿ ಕಾರ್ಡಿನಲ್ಲಿ ಗುರುತು ಹಾಕುವುದು ನನ್ನ ಕೆಲಸ. ಮೂರನೆಯ ಮಾವನಿಗೆ ಕ್ಷಯ ಬಂತು. ಊರವರ ಹತ್ತಿರ ಹುಲಿಯಂತಿದ್ದ ನಾನು ಮಾವನ ವಿಷಯದಲ್ಲಿ ಮೆತ್ತಗಾದೆ. ಕೆಮ್ಮುವ ಮನುಷ್ಯ ಆಸ್ಪತ್ರೆಗೆ ಬರಲು ಪದೇ ಪದೇ ಬಸ್ಸು ಹತ್ತುವುದೇಕೆಂದು ತಿಂಗಳ ಮಾತ್ರೆಯನ್ನು ಒಟ್ಟಿಗೇ ಕೊಟ್ಟು, ಕಾರ್ಡಿನಲ್ಲಿ ಸಾಲಾಗಿ ಗುರುತು ಗೀಚಿಬಿಟ್ಟೆ. ನನ್ನ ಅಕ್ಷರ ಬಹಳ ನೀಟಾಗಿತ್ತು.

ತಿಂಗಳುಗಳು ಕಳೆದರೂ ಕೆಮ್ಮು ನಿಲ್ಲಲಿಲ್ಲ. ಮಾವನ ಕಫ ಬೆಂಗಳೂರಿಗೆ ಸಂಶೋಧನೆಗೆ ಹೋಯಿತು. ಅದರ ಹಿಂದೆಯೇ ಜೀಪಿನಲ್ಲಿ ಒಬ್ಬ ವಿಜ್ಞಾನಿ ಬಂದರು. ಮೊಮ್ಮಗ ಹುಟ್ಟಿದಷ್ಟು ಸಂಭ್ರಮ ಅವರ ಮುಖದಲ್ಲಿ.

"ಈ ರೋಗಾಣುವಿನ ವಂಶವಾಹಿಯೇ ಬದಲಾಗಿದೆ, ಔಷಧಕ್ಕೆ ಜಗ್ಗುತ್ತಿಲ್ಲ! ಅರೆಬರೆ ಔಷಧ ತಿಂದವರಲ್ಲಿ ಹೀಗಾಗುತ್ತೆ. ಪೂರ್ತಿ ತಿಂದವರಲ್ಲಿ ಆಗಿರೋದು ತುಂಬಾ ಅಪರೂಪ," ಎಂದರು. ಕಾರ್ಡನ್ನು ಪ್ರೀತಿಯಿಂದ ಸವರಿದರು. ಪಕ್ಕದಲ್ಲೇ ಕೆಮ್ಮುತ್ತಿದ್ದ ಮಾವನನ್ನು ಸವರಲಿಲ್ಲ.

ಮನೆಯಲ್ಲಿ ಬೇರೆ ಯಾರಿಗಾದರೂ ಕಾಯಿಲೆ ಇದೆಯಾ ಎಂದು ಕೇಳಿದರು. ದೊಡ್ಡತ್ತೆ, "ಕಾಯ್ಲೆ ಏನಿಲ್ಲ ಸಾ. ಗಂಡಸ್ರಿಗೆಲ್ಲ ಉಷ್ಣ ಆಗ್ಯದೆ, ಉಚ್ಚೆ ಕೆಂಪುಗೆ ಓಯ್ತದೆ. ಮಜ್ಜಿಗೆ ಕೊಡ್ತಾ ಇವ್ನಿ," ಎಂದರು.

ಕ್ಷಯದ ಮಾತ್ರೆ ನುಂಗಿದವರ ಉಚ್ಚೆ ಕೆಂಪಾಗುತ್ತದೆ; ಆ ಕೆಂಪು ಉಷ್ಣದ್ದಲ್ಲ, ನಾನು ಕೊಟ್ಟ ಮಾತ್ರೆಯದು. ದೊಡ್ಡತ್ತೆಯನ್ನು ಅಡಿಗೆಮನೆಗೆ ಕರೆದು ಕೇಳಿದೆ.

"ಒಳ್ಳೇ ಮಾತ್ರೆ ಅಂದಿದ್ಯಲ್ಲಪ್ಪ. ನಮ್ ಯಜಮಾನ್ರಿಗೆ ಮಂಡಿನೋವು, ಚಿಕ್ಕೋನ್ಗೆ ಸುಸ್ತು. ಮನೇಲಿ ಅವ್ನೊಬ್ನೇ ನುಂಗ್ತಾ ಕೂತ್ರೆ ಚೆಂದಾಗಿರ್ತದಾ? ಸಮವಾಗಿ ಹಂಚ್ದೆ."

ಹೊರಗೆ ಬಂದರೆ ವಿಜ್ಞಾನಿ ಮಾವನನ್ನೇ ಕೇಳುತ್ತಿದ್ದರು: ಎಲ್ಲಾ ಮಾತ್ರೆ ನೀವೇ ನುಂಗಿದಿರಾ? ಮಾವ ನನ್ನ ಮುಖ ನೋಡಿದರು. ನನ್ನ ಕೆಲಸ ಆ ಉತ್ತರದ ಮೇಲೆ ನಿಂತಿದೆ ಎಂದು ಅವರಿಗೆ ಗೊತ್ತಿತ್ತು.

"ಎಲ್ಲಾ ನಾನೇ ನುಂಗಿವ್ನಿ ಸಾ. ನಮ್ಮುಡುಗ ಎದ್ರುಗೇ ನಿಂತು ನುಂಗಿಸ್ತಾನೆ."

ನನಗೆ ತಡೆಯಲಾಗಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ವಿಜ್ಞಾನಿಯ ಮುಖ ಬಾಡಿತು. "ಹಾಗಾದ್ರೆ ಇದು ಮಾಮೂಲು ಕೇಸು," ಎಂದು ಪುಸ್ತಕ ಮುಚ್ಚಿದರು. ಆದರೂ ಪುಣ್ಯಾತ್ಮ, ಬೇರೆ ಇಂಜೆಕ್ಷನ್ನು, ಮಾತ್ರೆಗಳಿಗೆ ಚೀಟಿ ಬರೆದರು. ನನಗೆ ಮೇಲಿನವರಿಂದ ನೋಟೀಸು ಬಂತು. ಅಂದಿನಿಂದ ನಾನೇ ದಿನವೂ ಬಸ್ಸು ಹತ್ತಿ ಹೋಗಿ ಎದುರಿಗೆ ನಿಂತು ನುಂಗಿಸಿದೆ. ಅಷ್ಟರಲ್ಲಿ ಮಾವನ ಶ್ವಾಸಕೋಶದಲ್ಲಿ ಉಳಿಸಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಆರು ತಿಂಗಳಿಗೆ ಹೋಗಿಬಿಟ್ಟರು. ಅವರ ರೋಗಾಣು ಮಾತ್ರ ಬೆಂಗಳೂರಿನ ಫ್ರಿಜ್ಜಿನಲ್ಲಿ ಸುಖವಾಗಿತ್ತು. ಕರೆಂಟು ಹೋದರೆ ಅದಕ್ಕೆ ಜನರೇಟರು ಇತ್ತಂತೆ.

ತಿಥಿಯ ದಿನ ದೊಡ್ಡತ್ತೆ ಅಭ್ಯಾಸಬಲದಿಂದ ವಡೆಯನ್ನು ನಾಲ್ಕು ಪಾಲು ಮಾಡಿದರು. ಮೂರು ಪಾಲು ಎಲೆಗಳಿಗೆ ಹೋದವು. ನಾಲ್ಕನೆಯದು ಕೈಯಲ್ಲೇ ಉಳಿಯಿತು. ಆಮೇಲೆ ನನ್ನ ಎಲೆಗೆ ಹಾಕಿ, "ಅವ್ನ ಪಾಲು ಕಣಪ್ಪ. ತಿನ್ನು," ಎಂದು ಎದುರಿಗೇ ಕೂತರು.

ಅವರು ನೋಡುತ್ತಿದ್ದಂತೆಯೇ ಪೂರ್ತಿ ನುಂಗಿದೆ.