ಹದಿನೆಂಟು ಇಂಚಿನ ಬಾರ್

ಸಿಂಧನೂರಿನ ಒಂದು ಅಂಗಡಿಯಲ್ಲಿ ನಿಂತು, ಮರ ಕೊಯ್ಯುವ ಯಂತ್ರಕ್ಕೆ ಐದು ಅಡಿಯ ಬಾರ್ ಕೇಳಿದ ಮನುಷ್ಯ ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಅಂಗಡಿಯವರು ಇಂದಿಗೂ ಯಾರಿಗಾದರೂ ಹೇಳಿ ನಗುತ್ತಿರಬಹುದು. ಅವರಿಂದ ಕೇಳುವುದಕ್ಕಿಂತ ನನ್ನಿಂದ ಕೇಳಿದರೆ ನಿಮಗೆ ನಗುವಿನ ಜೊತೆ ಕಾರಣವೂ ಸಿಗುತ್ತದೆ.

ಬಾರ್ ಎಂದರೆ ಚೈನ್ ಸಾ ಯಂತ್ರದ ಮುಂದೆ ನಾಲಿಗೆಯ ಹಾಗೆ ಚಾಚಿಕೊಂಡಿರುವ ಉಕ್ಕಿನ ಪಟ್ಟಿ. ಅದರ ಅಂಚಿನ ಸುತ್ತ ಹಲ್ಲಿನ ಸರಪಳಿ ಓಡುತ್ತದೆ. ಕೊಯ್ಯುವುದು ಸರಪಳಿ, ಬಾರ್ ಅದಕ್ಕೆ ದಾರಿ ಅಷ್ಟೆ. ಈಗ ಬಲ್ಲವನ ಹಾಗೆ ಬರೆಯುತ್ತಿದ್ದೇನೆ. ಈ ಬೇಸಿಗೆಯ ತನಕ ನಾನು ಬಲ್ಲ ಸಾಧನ ಒಂದೇ: ಇಬ್ಬರು ಎಳೆಯುವ ಗರಗಸ. ಅದರ ಒಂದು ತುದಿಯ ಹಿಡಿ ನನ್ನದು. ಇನ್ನೊಂದು ತುದಿಯದು ಮಾಬುಸಾಬನದು.

ಲಿಂಗಸುಗೂರಿನಲ್ಲಿ ನಮ್ಮಿಬ್ಬರದೂ ಸೇರಿ ಒಂದು ಕಟ್ಟಿಗೆ ಅಡ್ಡೆ. ಮದುವೆಯ ಅಡುಗೆಗೆ, ಖಾನಾವಳಿಯ ರೊಟ್ಟಿ ಒಲೆಗೆ, ಸ್ನಾನದ ನೀರಿಗೆ ಕಟ್ಟಿಗೆ ಕೊಯ್ದು, ಸೀಳಿ ಕೊಡುವುದು ಕೆಲಸ. ಮೂವತ್ತು ವರ್ಷಕ್ಕಿಂತ ಮೇಲಾಯಿತು. ನಾನು ಹತ್ತನೆಯ ತರಗತಿ ದಾಟಿದವನು, ಅವನು ಮೂರನೆಯದಕ್ಕೆ ಶಾಲೆ ಬಿಟ್ಟವನು. ಆದರೆ ಗರಗಸದ ವಿಷಯದಲ್ಲಿ ಅವನೇ ಮೇಷ್ಟ್ರು. ಮೊದಲ ವಾರ ನನಗೆ ಅವನು ಹೇಳಿದ ಪಾಠ ಇಷ್ಟೇ: "ತಳ್ಳಬ್ಯಾಡಲೇ ಅಮರ್ಯಾ. ನಿಂದು ನೀ ಎಳಿ, ನಂದು ನಾ ಎಳಕಂತೀನಿ."

ಕೇಳಲು ಸುಲಭ. ಮಾಡಲು ಎರಡು ವರ್ಷ ಹಿಡಿಯಿತು. ನೀವು ಎಳೆದು ಮುಗಿಸಿದ ಮೇಲೆ ಕೈಯನ್ನು ಹಿಡಿಯ ಮೇಲೆ ಸುಮ್ಮನೆ ಇಟ್ಟಿರಬೇಕು. ಬಿಡಲೂ ಬಾರದು, ಬಿಗಿಯಲೂ ಬಾರದು. ಸಹಾಯ ಮಾಡುತ್ತೇನೆಂದು ಸ್ವಲ್ಪ ತಳ್ಳಿದಿರೋ, ಅಲಗು ಹಾವಿನ ಹಾಗೆ ಬಳುಕಿ ನಿಂತುಬಿಡುತ್ತದೆ. ಹೀಗೆ ವರ್ಷಗಟ್ಟಲೆ ಒಬ್ಬನ ಜೊತೆ ಎಳೆದರೆ ಅವನ ಮನೆಯ ಸುದ್ದಿಯೆಲ್ಲ ಉಕ್ಕಿನಲ್ಲಿ ಹರಿದು ಬರುತ್ತದೆ. ಮಾಬು ಮುಂಜಾನೆ ಹೆಂಡತಿಯ ಜೊತೆ ಜಗಳಾಡಿ ಬಂದಿದ್ದರೆ ಮೊದಲ ಹತ್ತು ಎಳೆತದಲ್ಲೇ ನನಗೆ ತಿಳಿಯುತ್ತಿತ್ತು. ನನ್ನದೂ ಅವನಿಗೆ ತಿಳಿಯುತ್ತಿತ್ತು. "ಯಾಕಬೇ, ಮನ್ಯಾಗ ಚಾ ಸಿಗಲಿಲ್ಲೇನು?" ಎನ್ನುತ್ತಿದ್ದ.

ಹೋದ ವರ್ಷ ಗುರುಗುಂಟಾ ಕಡೆಯಿಂದ ಒಂದು ಹುಣಸೆ ದಿಮ್ಮಿ ತಂದಿದ್ದೆವು. ಅಂಥ ದಿಮ್ಮಿ ನಮ್ಮ ಅಡ್ಡೆಗೆ ಹಿಂದೆ ಬಂದಿರಲಿಲ್ಲ. ಅದನ್ನು ಇಳಿಸಿದ ದಿನ ನಾವಿಬ್ಬರೂ ಕೆಲಸ ಬಿಟ್ಟು ಸುಮ್ಮನೆ ನೋಡುತ್ತ ಕುಳಿತಿದ್ದೆವು. ನಮ್ಮ ಅಜ್ಜಂದಿರಿಗಿಂತ ಹಿರಿಯದು, ಎಷ್ಟು ಜನ ಅದರ ಕೆಳಗೆ ನಿಂತು ಎತ್ತಿಗೆ ನೀರು ಕುಡಿಸಿದ್ದರೋ. ಒಣಗಲೆಂದು ಅದನ್ನು ತಗಡಿನ ಚಪ್ಪರದ ಅಂಚಿಗೆ ಎರಡು ತೊಲೆಗಳ ಮೇಲೆ ಮಲಗಿಸಿದೆವು. ಈ ಬೇಸಿಗೆ ಒಂದು ಮುಂಜಾನೆ, ಆ ಅಂಚಿನಲ್ಲೇ ನಾವು ದಿನಾ ಕೊಯ್ಯುವ ಜಾಗಕ್ಕೆ ಅದನ್ನು ಉರುಳಿಸಿ ಗರಗಸ ಹಚ್ಚಿದೆವು. ಒಂದು ಗೇಣು ಇಳಿದ ಮೇಲೆ ಗಂಟು ಸಿಕ್ಕಿತು. ಕಲ್ಲಿನಂಥ ಗಂಟು. ಮಾಬು ಬೆವರು ಒರೆಸಿಕೊಂಡು, "ಇರಲಿ ಬಿಡು, ನಾಳಿ ಇದರ ಕತಿ ನೋಡೂಣು," ಎಂದ. ಮರುದಿನ ಮುಂಜಾನೆ ಚಹಾದ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮಧ್ಯಾಹ್ನದ ಹೊತ್ತಿಗೆ ಇಲ್ಲವಾದ. ಗರಗಸ ದಿಮ್ಮಿಯ ಸೀಳಿನಲ್ಲೇ ಉಳಿಯಿತು. ಬೆಣೆ ಬಡಿದು ಅದನ್ನು ಹೊರಗೆ ತೆಗೆಯಲು ನನಗೆ ಹತ್ತು ದಿನ ಮನಸ್ಸಾಗಲಿಲ್ಲ.

ಆಮೇಲೆ ಒಂದು ದಿನ ಅವನ ಮನೆಗೆ ಹೋದೆ. ಅವನ ಹೆಂಡತಿ ಹುಸೇನಬಿ ಇದ್ದತ್ತಿನಲ್ಲಿದ್ದರು. ಗಂಡ ತೀರಿದ ಮೇಲಿನ ಆ ನಾಲ್ಕು ತಿಂಗಳು ಅವರು ಹೊರಗಿನ ಗಂಡಸರೆದುರು ಬರುವುದಿಲ್ಲ. ಬಾಗಿಲ ಪರದೆಯ ಹಿಂದಿನಿಂದ ಮಾತಾಡಿದರು.

"ಅಮರಪ್ಪಣ್ಣಾ, ಆ ಹುಣಸಿ ದಿಮ್ಮಿ ಹಂಗಽ ಐತೇನ್ರಿ?"

"ಐತಿ ಭಾಬಿ."

"ನಲವತ್ತನೇ ದಿನ ಮಂದಿ ಊಟಕ್ಕ ದೊಡ್ಡ ದೇಗು ಇಡತೀವ್ರಿ. ಅವರು ಕೈ ಹಚ್ಚಿದ ಕಟಗೀಲೇ ಅನ್ನ ಬೇಯಲಿ ಅಂತ ನನಗೊಂದು ಆಸಿ. ಬ್ಯಾರೆ ಯಾರ್ನೂ ಕರೀಬ್ಯಾಡ್ರಿ, ನೀವಽ ಕೊಯ್ದು ಕೊಡ್ರಿ."

ಆಗಲಿ ಎಂದು ಬಂದೆ. ಅಡ್ಡೆಗೆ ಬಂದು ಕುಳಿತ ಮೇಲೆ ನಾನು ಒಪ್ಪಿಕೊಂಡದ್ದು ಏನೆಂದು ಹೊಳೆಯಿತು. ಮೂವತ್ತು ವರ್ಷ ಕಟ್ಟಿಗೆ ಕೊಯ್ದವನಿಗೆ ಒಂದು ದಿಮ್ಮಿಯನ್ನು ಒಬ್ಬನೇ ಕೊಯ್ಯಲು ಬರುವುದಿಲ್ಲ. ಗರಗಸವನ್ನು ಒಬ್ಬನೇ ಎಳೆದು ನೋಡಿದೆ. ನನ್ನ ಕಡೆಗೆ ಬಂತು, ಹಿಂದಕ್ಕೆ ಹೋಗಲಿಲ್ಲ. ನಲವತ್ತಕ್ಕೆ ಉಳಿದದ್ದು ಎರಡು ವಾರ. ಯಾರೋ ಹೇಳಿದರು, ಯಂತ್ರ ತಗೋ, ಸಿಂಧನೂರಿನಲ್ಲಿ ಸಿಗುತ್ತದೆ ಎಂದು. ದಿಮ್ಮಿಯ ದಪ್ಪಕ್ಕೆ ಒಂದು ಸುತಳಿ ಹಿಡಿದು ಗಂಟು ಹಾಕಿ, ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಬಸ್ಸು ಮಸ್ಕಿಯ ಮೇಲೆ ಹೋಗುತ್ತದೆ. ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಹಳೆಯ ಚಕ್ರವರ್ತಿಯೊಬ್ಬನ ಶಾಸನವಿರುವುದು ನಿಮಗೆ ಗೊತ್ತು. ಶಾಲೆಯಲ್ಲಿದ್ದಾಗ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸಿದ್ದರು. ಅಂದು ನಾನು ಚಕ್ರವರ್ತಿಯ ಬಗ್ಗೆ ಬೆರಗಾಗಿದ್ದೆ. ಈಗ ಕಿಟಕಿಯಿಂದ ಗುಡ್ಡ ಕಂಡಾಗ ಬೆರಗು ಬೇರೆ ಕಡೆ ಹೊರಳಿತು. ಚಕ್ರವರ್ತಿಯೇನೋ ಎಲ್ಲೋ ದೂರದಲ್ಲಿ ಕುಳಿತು ಹೇಳಿ ಕಳಿಸಿದ. ಕೆತ್ತಿದವರು ಯಾರು? ಒಬ್ಬನು ಓದಿ ಹೇಳಿರಬೇಕು, ಇನ್ನೊಬ್ಬನು ಉಳಿ ಹಿಡಿದಿರಬೇಕು. ಓದುವವನು ಬೇಗ ಓದಿದರೆ ಕೆತ್ತುವವನು ತಪ್ಪುತ್ತಾನೆ, ತಡ ಮಾಡಿದರೆ ಬೈಯುತ್ತಾನೆ. ಆ ಬಿಸಿಲಿನಲ್ಲಿ, ಆ ಬಂಡೆಯ ಮೇಲೆ, ಅವರಿಬ್ಬರೂ ಏನೇನು ಮಾತಾಡಿಕೊಂಡರೋ. ಒಬ್ಬನಿಗೆ ಜ್ವರ ಬಂದ ದಿನ ಇನ್ನೊಬ್ಬ ಏನು ಮಾಡಿದನೋ. ಕಲ್ಲಿನಲ್ಲಿ ಅದು ಯಾವುದೂ ಇಲ್ಲ. ಅಕ್ಷರಗಳು ಮಾತ್ರ ಇವೆ, ಒಂದೇ ಕೈ ಬರೆದ ಹಾಗೆ.

ಮಸ್ಕಿ ದಾಟಿ ಸ್ವಲ್ಪ ಹೊತ್ತಿಗೆ ನಮ್ಮ ಕಡೆಯ ಒಣ ಎರೆಹೊಲ ಮುಗಿದು ಕಾಲುವೆಯ ಸೀಮೆ ಬರುತ್ತದೆ. ಎಷ್ಟು ಸಲ ನೋಡಿದರೂ ನನಗದು ಕಣ್ಕಟ್ಟಿನ ಹಾಗೆಯೇ. ಅದೇ ಮಣ್ಣು, ಅದೇ ಆಕಾಶ. ನೀರೊಂದು ಬಂದದ್ದಕ್ಕೆ ನೆಲದ ಬಣ್ಣವೇ ಬೇರೆ.

ಅಂಗಡಿಯವರು ಕಾಲುವೆ ಬಂದ ಮೇಲೆ ವಲಸೆ ಬಂದು ನೆಲೆಸಿದವರ ಕ್ಯಾಂಪಿನ ಕಡೆಯವರು, ಮನೆಯಲ್ಲಿ ತೆಲುಗು. ಔಷಧಿ ಹೊಡೆಯುವ ಪಂಪು, ನೀರಿನ ಮೋಟಾರು, ಮರ ಕೊಯ್ಯುವ ಯಂತ್ರ ಎಲ್ಲ ಇಟ್ಟಿದ್ದರು. ವಳಕಮದಿನ್ನಿಯ ರೈತರೊಬ್ಬರು ಕೆಟ್ಟ ಪಂಪನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

"ಎಷ್ಟು ಇಂಚಿನ ಬಾರ್ ಬೇಕ್ರಿ?"

"ಐದು ಫೂಟಿಂದು ಕೊಡ್ರಿ," ಎಂದೆ.

ಅಂಗಡಿಯವರು ಚಹಾದ ಲೋಟ ಕೆಳಗಿಟ್ಟರು. "ಐದು ಫೂಟಾ? ಗಿಡ ಕಡೀತೀರೋ, ಡ್ಯಾಮ್ ಕಡೀತೀರೋ?"

"ಕೊಟ್ಟಬಿಡ್ರಿ ಪಾಪ," ಎಂದರು ವಳಕಮದಿನ್ನಿಯವರು. "ಅಂಥಾ ಗಿಡ ಸಿಗದಿದ್ರ ಕಾಲುವಿ ಮ್ಯಾಲ ಅಡ್ಡ ಹಾಕ್ಕೊಂಡು ದಾಟತಾರ."

ನನಗೆ ಸಿಟ್ಟು ಬಂತು. ಗರಗಸದ ಲೆಕ್ಕ ತಿಳಿಯದವರಿಗೆ ಹೇಳಿಕೊಡಬೇಕಲ್ಲ ಎಂದು ತೋಳು ಚಾಚಿ ವಿವರಿಸಿದೆ. ಇಬ್ಬರ ಗರಗಸ ದಿಮ್ಮಿಯಷ್ಟೇ ಉದ್ದವಿದ್ದರೆ ಕೆಲಸಕ್ಕೆ ಬಾರದು. ಅದು ಹೋಗಿ ಬರಬೇಕು. "ದಿಮ್ಮಿ ಇಷ್ಟ ದಪ್ಪ ಐತ್ರಿ. ಈ ಕಡಿ ಒಂದು ಕೈ ಎಳಿಯಾಕ ಜಾಗ ಬೇಕು. ಆ ಕಡಿ ಒಂದು ಕೈ ಎಳಿಯಾಕ ಜಾಗ ಬೇಕು. ಐದು ಫೂಟ ಆತಿಲ್ರಿ?"

"ಆ ಕಡಿ ಯಾರ ಅದಾರ್ರಿ?" ಎಂದು ಕೇಳಿದರು ಅಂಗಡಿಯವರು. ಸುಮ್ಮನೆ ಕೇಳಿದ ಪ್ರಶ್ನೆ ಅದು.

ಚಾಚಿದ ತೋಳು ಚಾಚಿದಂತೆಯೇ ಇತ್ತು. "ಯಾರೂ ಇಲ್ರಿ," ಎಂದೆ. ವಳಕಮದಿನ್ನಿಯವರು ಪಂಪನ್ನು ಪಕ್ಕಕ್ಕೆ ಸರಿಸಿ ನನಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು.

ಅಂಗಡಿಯವರು ಸುತಳಿ ತೆಗೆದುಕೊಂಡು ಟೇಪಿಗೆ ಹಿಡಿದರು. ಇಪ್ಪತ್ತೇಳು ಇಂಚು. "ನೋಡಣ್ಣಾ, ಇದು ಹೋಗಿ ಬರೋದಲ್ಲ. ಸರಪಳಿ ಒಂದಽ ದಿಕ್ಕಿಗೆ ತಿರುಗ್ತಾನಽ ಇರ್ತದ. ಕೈಗೆ ಜಾಗ ಬ್ಯಾಡ," ಎಂದರು. ಹಾಗಾದರೆ ಮೂವತ್ತು ಇಂಚಿನದು ಕೊಡಿ ಎಂದೆ. ಅದಕ್ಕೂ ತಲೆಯಾಡಿಸಿದರು. ಬಾರ್ ಉದ್ದವಾದಷ್ಟೂ ಅದನ್ನು ಓಡಿಸುವ ಎಂಜಿನ್ನು ದೊಡ್ಡದಿರಬೇಕು, ಎಂಜಿನ್ನು ದೊಡ್ಡದಾದಷ್ಟೂ ಹಿಡಿಯುವ ಕೈ ಗಟ್ಟಿಯಿರಬೇಕು. ಚಿಕ್ಕ ಎಂಜಿನ್ನಿಗೆ ಉದ್ದ ಬಾರ್ ಹಾಕಿದರೆ ಹುಣಸೆಯ ನಡುವೆ ಉಸಿರು ಕಟ್ಟಿ ನಿಲ್ಲುತ್ತದೆ. ತೀರ ಚಿಕ್ಕದು ಟೊಂಗೆ ಕೊಯ್ಯುವವರಿಗೆ. ತೀರ ದೊಡ್ಡದು ದಿನವಿಡೀ ಮರ ಉರುಳಿಸುವವರಿಗೆ. ಕಟ್ಟಿಗೆ ಕೊಯ್ಯುವವರಿಗೆ ನಡುವಿನದು. "ಹದಿನೆಂಟು ಇಂಚು ತಗೋರಿ, ಸಾಕು. ಈ ಕಡಿಯಿಂದ ಅರ್ಧ ಕೊಯ್ರಿ, ಸುತ್ತ ಹಾಕಿ ಆ ಕಡಿಗೆ ಹೋಗಿ ಉಳಿದ ಅರ್ಧ ಕೊಯ್ರಿ."

ಆಮೇಲೆ ಸರಪಳಿಯನ್ನು ನನ್ನ ಅಂಗೈ ಮೇಲೆ ಇಟ್ಟರು. ಜಾತ್ರೆಯಲ್ಲಿ ಸಿಗುವ ಸರದಷ್ಟು ಹಗುರ. ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ, ಥೇಟ್ ನಮ್ಮ ಗರಗಸದ ಹಾಗೆಯೇ. ಆದರೆ ಪ್ರತಿ ಹಲ್ಲಿನ ಮುಂದೆಯೂ ಒಂದು ಚಿಕ್ಕ ಉಬ್ಬು ಇತ್ತು. ಹಲ್ಲು ಅತಿಯಾಸೆಯಿಂದ ದಪ್ಪ ಚಕ್ಕೆ ಕಚ್ಚದಂತೆ ತಡೆಯುವುದಕ್ಕೆ ಅದು. ನಾನು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಒಂದೊಂದು ಹಲ್ಲಿಗೂ ಇಷ್ಟೇ ತಿನ್ನು ಎಂದು ಹೇಳುವ ಒಬ್ಬ ಹಿರಿಯನನ್ನು ಪಕ್ಕದಲ್ಲೇ ಕೂರಿಸಿದ ಆ ಮಹಾನುಭಾವ ಯಾರೋ. ಇಂಥದ್ದನ್ನು ಯೋಚಿಸಲು ಮನುಷ್ಯ ಎಷ್ಟು ದಿನ ಕಟ್ಟಿಗೆಯ ಮುಂದೆ ಸುಮ್ಮನೆ ಕುಳಿತಿರಬೇಕು.

ಬಾರಿನ ಮೂತಿಯ ಮೇಲ್ಭಾಗ ಯಾವುದಕ್ಕೂ ತಗಲಬಾರದು, ತಗಲಿದರೆ ಯಂತ್ರ ಮುಖದ ಮೇಲೆ ಎಗರುತ್ತದೆ ಎಂದು ಮೂರು ಸಲ ಹೇಳಿ ಕಳಿಸಿದರು. ಎರಡು ದಿನ ಜಾಲಿಯ ಕೊರಡುಗಳ ಮೇಲೆ ಕೈ ಪಳಗಿಸಿಕೊಂಡೆ. ಮೂರನೆಯ ಮುಂಜಾನೆ ದಪ್ಪ ಬೂಟು, ಕನ್ನಡಕ ಹಾಕಿಕೊಂಡು, ಕಿವಿಗೆ ಅರಳೆ ತುರುಕಿಕೊಂಡು, ಹುಣಸೆಯ ಮುಂದೆ ನಿಂತೆ. ನಾವಿಬ್ಬರೂ ಬಿಟ್ಟಿದ್ದ ಕೂದಲೆಳೆಯಂಥ ಸೀಳಿನಲ್ಲೇ ಬಾರ್ ಇಳಿಸಿದೆ.

ನಾನು ಕಂಡದ್ದನ್ನು ಹೇಗೆ ಹೇಳಲಿ. ಗಂಟಿಗೆ ಬಂದಾಗ ಯಂತ್ರದ ದನಿ ಒಂದಿಷ್ಟು ಕುಗ್ಗಿತು, ಬಿಸಿಯಾದ ಹುಣಸೆಯ ಹುಳಿ ವಾಸನೆ ಬಂತು, ಕಂದು ಪುಡಿ ಕಾಲ ಮೇಲೆ ಸುರಿಯಿತು. ಇಬ್ಬರು ಗಟ್ಟಿ ಗಂಡಸರು ನಾಳೆಗೆಂದು ಬಿಟ್ಟುಹೋದ ಗಂಟು ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿದುಹೋಯಿತು. ಸಂತೋಷಪಡಬೇಕಿತ್ತು. ಬೆರಗಾಯಿತು, ಮತ್ತೆ ಯಾಕೋ ಮಾಬುವಿನ ಪರವಾಗಿ ಸ್ವಲ್ಪ ಅವಮಾನವೂ ಆಯಿತು. ಅಷ್ಟರಲ್ಲಿ ಬಾರಿನ ಉದ್ದ ಮುಗಿಯಿತು. ಉಳಿದದ್ದನ್ನು ಕೊಯ್ಯಲು ಆ ಕಡೆಗೆ ಹೋಗಬೇಕಾಯಿತು.

ಮೂವತ್ತು ವರ್ಷದಲ್ಲಿ ಆ ಕಡೆ ನಿಂತು ನಾನು ಕೆಲಸ ಮಾಡಿರಲಿಲ್ಲ. ಪುಡಿ ಗುಡಿಸಲು, ಕಟ್ಟಿಗೆ ಎತ್ತಲು ಓಡಾಡಿದ್ದೇನೆ, ನಿಂತಿಲ್ಲ. ನಿಂತ ಕೂಡಲೇ ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ನನ್ನ ಕಡೆ ಚಪ್ಪರದ ನೆರಳು. ಅವನ ಕಡೆ ಬರೀ ಆಕಾಶ, ಮೇಲೆ ತಗಡಿನ ಅಂಚಿನಿಂದ ಚಿಮ್ಮುವ ಝಳ. ನೆಲವೂ ಅಲ್ಲಿ ಇಳಿಜಾರು. ಕಾಲು ಜಾರದಿರಲೆಂದು ಎರಡು ಚಪ್ಪಡಿ ಹುಗಿದಿದ್ದ, ಅವು ನಡುವೆ ಸವೆದು ತಗ್ಗಾಗಿದ್ದವು. ನನ್ನ ಕಾಲು ಆ ತಗ್ಗಿನಲ್ಲಿ ಕುಳಿತಿತು. ಮಾಬು ಯಾವಾಗಲೂ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ನೋಡುತ್ತಿದ್ದ. ಅದು ಅವನ ಮುಖದ ರೀತಿ ಎಂದೇ ನಾನು ತಿಳಿದಿದ್ದೆ, ಎಷ್ಟೋ ಸಲ ಅಣಕಿಸಿಯೂ ಇದ್ದೆ. ಈಗ ಕನ್ನಡಕದ ಹಿಂದೆ ನನ್ನ ಕಣ್ಣುಗಳೂ ಹಾಗೆಯೇ ಕಿರಿದಾಗಿದ್ದವು. ಆಮೇಲೆ ಉಳಿದ ಅರ್ಧ ಕೊಯ್ದೆ.

ನಲವತ್ತರ ಮುಂಜಾನೆ ಕಟ್ಟಿಗೆ ಇಳಿಸಿ, ಓಣಿಯಲ್ಲಿ ದೇಗಿನ ಕೆಳಗೆ ಬೆಂಕಿ ಹತ್ತಿದ್ದನ್ನು ನೋಡಿ, ಬಾಗಿಲಿಗೆ ಹೋದೆ. ಪರದೆಯ ಹಿಂದಿನಿಂದ "ಛಲೋ ಹತ್ಯಾವೇನ್ರಿ ಕಟಗಿ?" ಎಂದು ದನಿ ಬಂತು. ಹತ್ಯಾವೆಂದೆ. ಆಮೇಲೆ ಕೇಳಿದೆ, "ಭಾಬಿ, ಮಾಬುನ ಎಡ ಭುಜ ಎಷ್ಟು ದಿನದಿಂದ ನೋಯ್ತಿತ್ರಿ?"

"ಭುಜ? ಯಾವ ಭುಜ?"

"ಭುಜ ಸರಿ ಇಲ್ಲ, ನನಗ ಈ ಕಡೀನಽ ಬೇಕು ಅಂತ ಮೊದಲನೇ ದಿನಾನಽ ಬಿಸಿಲಿನ ಕಡಿ ನಿಂತಬಿಟ್ಟನಲ್ರಿ."

ಪರದೆ ಸ್ವಲ್ಪ ಅಲ್ಲಾಡಿತು. ನಲವತ್ತು ದಿನದಲ್ಲಿ ಮೊದಲ ಸಲ ಅವರು ನಕ್ಕದ್ದು ಕೇಳಿಸಿತು. "ಅವರ ಭುಜಕ್ಕ ಏನಾಗಿತ್ತಣ್ಣಾ? ಆ ಅಮರಪ್ಪಗ ಬಿಸಿಲಿಗೆ ನಿಂತ್ರ ತಲಿ ನೋಯ್ತದ, ಮಧ್ಯಾನಕ್ಕಽ ಬಿಟ್ಟು ಮನಿಗೆ ಹೊಕ್ಕಾನ, ಮತ್ತ ನಾ ಒಬ್ಬನಽ ಏನ್ ಎಳೀಲಿ ಅಂತಿದ್ರು."

ನಿಜ, ಹುಡುಗನಾಗಿದ್ದಾಗ ನನಗೆ ಕೆಟ್ಟ ತಲೆನೋವಿತ್ತು. ಕಟ್ಟಿಗೆ ಅಡ್ಡೆ ಶುರುವಾದ ಮೇಲೆ ತಾನಾಗಿಯೇ ಹೋಯಿತು. ಮೈ ಬೆವರಿದರೆ ತಲೆನೋವು ನಿಲ್ಲುತ್ತದೆಂದು ಊರಲ್ಲಿ ಎಷ್ಟೋ ಜನರಿಗೆ ಉಪದೇಶ ಮಾಡಿದ್ದೇನೆ. ಕೆಲವರು ನಂಬಿಯೂ ಇದ್ದಾರೆ.

ಈಗ ಯಂತ್ರ ಕೊಳ್ಳುವವರು ಒಬ್ಬಿಬ್ಬರು ನನ್ನ ಹತ್ತಿರವೂ ಬಂದು, ಬಾರ್ ಎಷ್ಟು ಉದ್ದದ್ದು ತಗೊಳ್ಳೋಣ ಎಂದು ಕೇಳುತ್ತಾರೆ. ನೀವೂ ಕೇಳಿದಿರೆಂದು ಇಟ್ಟುಕೊಳ್ಳುತ್ತೇನೆ. ದಿಮ್ಮಿಗಿಂತ ಒಂದಿಷ್ಟು ಗಿಡ್ಡದೇ ಇರಲಿ. ಅರ್ಧ ಕೊಯ್ದ ಮೇಲೆ ಸುತ್ತಿಕೊಂಡು ಆ ಕಡೆಗೆ ಹೋಗಿ ನಿಲ್ಲಬೇಕಾಗುತ್ತದೆ. ಹೋಗುವಾಗ ತಲೆಗೆ ಒಂದು ಟವೆಲ್ಲು ಸುತ್ತಿಕೊಳ್ಳಿ.